ಕಾಲಾಣೆ ಕಾರ್ಡು ಮತ್ತು ಹಳ್ಳಿಯ ದುಡಿಮೆ

1910ರ ಸುಮಾರಿನಲ್ಲಿ ಬೆಂಗಳೂರು ಚಿಕ್ಕಪೇಟೆಯ ವ್ಯಾಪಾರಿಯೊಬ್ಬ ಒಂದು ಕಾರ್ಡು ಬರೆದು ಅಂಚೆ ಡಬ್ಬಿಗೆ ಹಾಕಿದರೆ ಅವನಿಗೆ ತಗಲುತ್ತಿದ್ದ ಖರ್ಚು ಕಾಲಾಣೆ, ಅಂದರೆ ಮೂರು ಕಾಸು. ಕಾರ್ಡು ಪಕ್ಕದ ಚಾಮರಾಜಪೇಟೆಗೆ ಹೋಗಲಿ, ಹೊಸಕೋಟೆ ತಾಲ್ಲೂಕಿನ ನಂದಗುಡಿಗೆ ಹೋಗಲಿ, ಪೇಶಾವರಕ್ಕೇ ಹೋಗಲಿ, ದರ ಬದಲಾಗುತ್ತಿರಲಿಲ್ಲ. ದೂರಕ್ಕೆ ತಕ್ಕ ದರ ಎಂಬ ಹಳೆಯ ಲೆಕ್ಕವನ್ನು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ 1854ರಲ್ಲಿ ಕೈಬಿಟ್ಟು, ಕಾಗದದ ತೂಕಕ್ಕೆ ಮಾತ್ರ ದರ ಕಟ್ಟಿತು. 1879ರ ಜುಲೈ 1ರಂದು ಕಾಲಾಣೆಯ ಕಾರ್ಡು ಬಂತು. 1922ರಲ್ಲಿ ಅದನ್ನು ಅರ್ಧಾಣೆಗೆ ಏರಿಸುವವರೆಗೆ ನಲವತ್ತು ವರ್ಷಕ್ಕೂ ಮಿಕ್ಕಿ ಆ ಬೆಲೆ ಅಲುಗಲಿಲ್ಲ. ಅಂಚೆಯ ಚರಿತ್ರೆ ಬರೆದವರು ಇದನ್ನು ದೊಡ್ಡ ಸಮತೆಯೆಂದು ಹೊಗಳಿದ್ದಾರೆ, ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಬೆಲೆ ಒಂದೇ ಆದ ಮಾತ್ರಕ್ಕೆ ಸೇವೆ ಒಂದೇ ಆಗಲಿಲ್ಲ. ಪಟ್ಟಣದೊಳಗೆ ದಿನಕ್ಕೆ ಒಂದಕ್ಕಿಂತ ಹೆಚ್ಚು ಸಲ ಕಾಗದ ಹಂಚುತ್ತಿದ್ದರು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳ ಒಳಹಳ್ಳಿಗಳಲ್ಲಿ ಪೋಸ್ಟ್‌ಮ್ಯಾನ್ ಮತ್ತೆ ಯಾವ ದಿನ ಬರುತ್ತಾನೆಂದು ಕಾಯಬೇಕಿತ್ತು. ಒಂದೇ ಬೆಲೆಗೂ ಎರಡು ಬಗೆಯ ಸೇವೆಗೂ ನಡುವೆ ಇದ್ದ ಅಂತರವನ್ನು ತುಂಬಿದವರು ಹಳ್ಳಿಯ ಮೇಷ್ಟರು, ಅಂಗಡಿಯವರು ಮತ್ತು ಚೀಲ ಹೊತ್ತು ಓಡಿದ ಕೂಲಿಯಾಳುಗಳು. ಗ್ರಾಮಾಂತರ ಅಂಚೆ ನಿಂತದ್ದು ಇವರ ಅರೆಸಂಬಳದ ದುಡಿಮೆಯ ಮೇಲೆ ಎಂಬುದನ್ನು ಇಲ್ಲಿ ತೋರಿಸಬೇಕೆಂದಿದ್ದೇನೆ.

ಈ ಸೀಮೆಗೆ ಅಂಚೆಯನ್ನು ಬ್ರಿಟಿಷರು ಕಲಿಸಲಿಲ್ಲ. ಹದಿನೇಳನೆಯ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಕಟ್ಟಿದ ಅಂಚೆ ವ್ಯವಸ್ಥೆ ಮೈಸೂರು ಸೀಮೆಯಲ್ಲೆಲ್ಲ ಹರಡಿತ್ತು. ಹೈದರ್ ಮತ್ತು ಟಿಪ್ಪು ಅದನ್ನು ಬೇಹುಗಾರಿಕೆಗೂ ಬಳಸಿದರು. 1799ರ ನಂತರ ಪೂರ್ಣಯ್ಯನವರ ಆಡಳಿತದಲ್ಲೂ, 1831ರ ನಂತರ ಕಮಿಷನರರ ಆಡಳಿತದಲ್ಲೂ ಅದು ನಡೆದುಕೊಂಡು ಬಂತು. ಖಾಸಗಿ ಕಾಗದಗಳನ್ನೂ ಸಾಗಿಸುತ್ತಿತ್ತಾದರೂ ಅದರ ಮೊದಲ ನಿಷ್ಠೆ ಸರ್ಕಾರದ ಕಾಗದಕ್ಕೆ. ತಿರುವಾಂಕೂರು, ಹೈದರಾಬಾದು ಸಂಸ್ಥಾನಗಳಂತೆ ಮೈಸೂರು ತನ್ನದೇ ಅಂಚೆಚೀಟಿ ಹೊರಡಿಸಲಿಲ್ಲ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1889ರಲ್ಲಿ, ಮೈಸೂರು ಅಂಚೆ ಬ್ರಿಟಿಷ್ ಇಂಡಿಯಾದ ಇಲಾಖೆಯೊಂದಿಗೆ ವಿಲೀನವಾಯಿತು. ಅಲ್ಲಿಂದಾಚೆಗೆ ದೊಡ್ಡಬಳ್ಳಾಪುರದವನು ಬಳಸಿದ್ದೂ ಕಲ್ಕತ್ತೆಯವನು ಬಳಸಿದ್ದೂ ಒಂದೇ ಚೀಟಿ, ಒಂದೇ ಕಾರ್ಡು. ಆದರೆ ಇಲಾಖೆಯ ಹೆಸರು ಬದಲಾದರೂ ಹಳ್ಳಿಯ ಕೊನೆಯ ಕೆಲವು ಮೈಲಿ ಹಾಗೇ ಉಳಿದವು. ಅದಕ್ಕೂ ಹಿಂದೆ ಶಾನುಭೋಗರ ಲೆಕ್ಕಪತ್ರವನ್ನು ತಾಲ್ಲೂಕು ಕಚೇರಿಗೆ ಹೊತ್ತು ಮುಟ್ಟಿಸುತ್ತಿದ್ದವನು ಇನಾಂ ಜಮೀನಿನ ಮೇಲೆ ಬದುಕುತ್ತಿದ್ದ ತೋಟಿ. ಸುದ್ದಿ ಸಾಗಿಸುವ ಕೆಲಸಕ್ಕೆ ಹಳ್ಳಿಯಲ್ಲೇ ಒಬ್ಬ ಅಗ್ಗದ ಆಳು ಸಿಗುತ್ತಾನೆಂಬ ನಂಬಿಕೆ ಹಳೆಯದು. ಹೊಸ ಇಲಾಖೆಯೂ ಅದರ ಮೇಲೆಯೇ ಕೂತಿತು.

ಹಳ್ಳಿಗೆ ಕಾಗದ ತಂದುಕೊಟ್ಟದ್ದು ರೈಲಲ್ಲವೇ ಎಂದು ಕೇಳುವವರುಂಟು. ಬೆಂಗಳೂರಿನ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, 1864ರಲ್ಲೇ ಮದರಾಸಿನ ಕಡೆಯಿಂದ ರೈಲು ಬಂದಿತ್ತು. 1890ರ ದಶಕದ ಆರಂಭದಲ್ಲಿ ಬೆಂಗಳೂರಿನಿಂದ ಹಿಂದೂಪುರಕ್ಕೆ ಹಾಕಿದ ಮೀಟರ್‌ಗೇಜ್ ಹಳಿ ಯಲಹಂಕ, ದೊಡ್ಡಬಳ್ಳಾಪುರಗಳ ಮೇಲೆ ಹೋಯಿತು. ದೇವನಹಳ್ಳಿಗೆ ಚಿಕ್ಕಬಳ್ಳಾಪುರದ ಸಣ್ಣ ರೈಲು ಮುಟ್ಟಿದ್ದು 1915ರ ಸುಮಾರಿಗೆ. ಈ ವಾದಕ್ಕೆ ಉತ್ತರ ನಮ್ಮ ನಾಲ್ಕು ತಾಲ್ಲೂಕುಗಳ ನಕ್ಷೆಯಲ್ಲೇ ಇದೆ. ಹೊಸಕೋಟೆ ಪಟ್ಟಣಕ್ಕೆ ರೈಲೇ ಇರಲಿಲ್ಲ. ಹಳೆಯ ಮದರಾಸು ರಸ್ತೆಯಲ್ಲಿ ಜಟಕಾ, ಎತ್ತಿನ ಗಾಡಿ, ಆಮೇಲೆ ಮೋಟಾರು ಬಸ್ಸು ಇವುಗಳೇ ಗತಿ. ತುಮಕೂರಿನ ಹಳಿ ನೆಲಮಂಗಲ ತಾಲ್ಲೂಕನ್ನು ಹಾದುಹೋದರೂ ನೆಲಮಂಗಲ ಪೇಟೆಯನ್ನು ಮುಟ್ಟದೆ ದೂರದಲ್ಲೇ ಸಾಗಿತು. ಹಾಗಿದ್ದೂ ಈ ಎರಡು ಊರುಗಳು ಅಂಚೆಯಿಲ್ಲದೆ ಉಳಿಯಲಿಲ್ಲ. ರೈಲಿದ್ದ ದೊಡ್ಡಬಳ್ಳಾಪುರದಲ್ಲೂ ರೈಲಿನ ಕೆಲಸ ಚೀಲವನ್ನು ಸ್ಟೇಷನ್ನಿನಲ್ಲಿ ಇಳಿಸುವುದಕ್ಕೆ ಮುಗಿಯುತ್ತಿತ್ತು. ಅಲ್ಲಿಂದ ತೂಬಗೆರೆಗೋ ಸಾಸಲಿಗೋ ಹೊರಟ ಚೀಲ ಮನುಷ್ಯನ ಹೆಗಲ ಮೇಲೆಯೇ ಹೋಗಬೇಕು. ಬೆಂಗಳೂರಿನಿಂದ ತಾಲ್ಲೂಕು ಪಟ್ಟಣದವರೆಗಿನ ದೂರ ರೈಲಿನಿಂದ ಕುಗ್ಗಿತು, ನಿಜ. ತಾಲ್ಲೂಕು ಪಟ್ಟಣದಿಂದ ಹಳ್ಳಿಯವರೆಗಿನ ದೂರ ಇದ್ದಷ್ಟೇ ಇತ್ತು.

ಆ ಕೊನೆಯ ದೂರದ ಏರ್ಪಾಡು ಹೀಗಿತ್ತು. ತಾಲ್ಲೂಕು ಪಟ್ಟಣದ ಸಬ್ ಆಫೀಸಿನಲ್ಲಿ ಸಂಬಳದ ಪೋಸ್ಟ್‌ಮಾಸ್ಟರು ಚೀಲ ಬಿಚ್ಚಿ, ಕಾಗದಗಳಿಗೆ ಮೊಹರು ಹೊಡೆದು, ಬ್ರಾಂಚ್ ಆಫೀಸುಗಳಿಗೆ ಬೇರೆ ಬೇರೆ ಚೀಲ ಕಟ್ಟುತ್ತಿದ್ದರು. ಕೆಲವು ಮೈಲಿಗೊಬ್ಬರಂತೆ ನೇಮಕವಾದ ರನ್ನರುಗಳು ಆ ಚೀಲವನ್ನು ಕೈಯಿಂದ ಕೈಗೆ ದಾಟಿಸುತ್ತಿದ್ದರು; ಈಟಿಗೆ ಕಟ್ಟಿದ ಗೆಜ್ಜೆಯ ಸದ್ದಿಗೆ ದಾರಿಯ ಜನ ಸರಿದು ನಿಲ್ಲುತ್ತಿದ್ದರು. ಹಳ್ಳಿಯ ಬ್ರಾಂಚ್ ಆಫೀಸಿಗೆ ಇಲಾಖೆ ಕಟ್ಟಡ ಕಟ್ಟಿಸಲಿಲ್ಲ. ಶಾಲೆಯ ಒಂದು ಮೂಲೆ, ಅಂಗಡಿಯ ಪಡಸಾಲೆ, ಇಲ್ಲವೇ ಜಮೀನ್ದಾರನ ಮನೆಯ ಜಗಲಿ ಪೋಸ್ಟಾಫೀಸು. ಅಲ್ಲಿನ ಮೇಷ್ಟರೋ ಅಂಗಡಿಯವರೋ ತಮ್ಮ ಉದ್ಯೋಗದ ಜೊತೆಗೆ ಅಂಚೆ ಕೆಲಸವನ್ನೂ ನೋಡಿಕೊಳ್ಳುತ್ತಿದ್ದರು. ಇಲಾಖೆಯ ಲೆಕ್ಕದಲ್ಲಿ ಇವರು ಇಲಾಖೆಯ ಹೊರಗಿನವರು. ಸಿಗುತ್ತಿದ್ದದ್ದು ಸಂಬಳವಲ್ಲ, ಸಣ್ಣ ಭತ್ಯೆ. ಪಿಂಚಣಿಯ ಮಾತೇ ಇಲ್ಲ. ಹೊಸ ಹಳ್ಳಿಗಳಲ್ಲಿ ಆಫೀಸನ್ನು ಮೊದಲು ಪರೀಕ್ಷೆಗೆಂದು ತೆರೆದು, ಖರ್ಚು ಹುಟ್ಟದಿದ್ದರೆ ಮುಚ್ಚುವ ಪದ್ಧತಿಯೂ ಇತ್ತು. ಬ್ರಾಂಚ್ ಆಫೀಸಿನಿಂದ ಹೊರಟ ಹಳ್ಳಿ ಪೋಸ್ಟ್‌ಮ್ಯಾನ್ ಗೊತ್ತಾದ ಸುತ್ತಿನಲ್ಲಿ ಊರೂರು ತಿರುಗುತ್ತಿದ್ದ. ಎಷ್ಟೋ ಹಳ್ಳಿಗಳಿಗೆ ಅವನು ಬರುತ್ತಿದ್ದದ್ದು ವಾರಕ್ಕೊಮ್ಮೆ. ಚೀಲದಲ್ಲಿ ಕಾಗದಗಳ ಜೊತೆ ಮಾರಲು ಚೀಟಿ, ಕಾರ್ಡು, ಹಂಚಲು ಮನಿಯಾರ್ಡರಿನ ನಗದು. ಹಳ್ಳಿಯ ಪಾಲಿಗೆ ನಡೆದಾಡುವ ಪೋಸ್ಟಾಫೀಸು ಅವನೇ.

ವಿಳಾಸ ಪತ್ತೆ ಮಾಡುವುದನ್ನೇ ತೆಗೆದುಕೊಳ್ಳಿ. ಈ ಕೆಲಸದ ಬುದ್ಧಿವಂತಿಕೆ ಎಂಥದೆಂದು ಅದರಲ್ಲಿ ಚೆನ್ನಾಗಿ ಕಾಣುತ್ತದೆ. ಪಿನ್‌ಕೋಡ್ ಬಂದದ್ದು 1972ರಲ್ಲಿ. ಅದಕ್ಕೆ ಹಿಂದೆ ಊರು, ಹೋಬಳಿ, ತಾಲ್ಲೂಕು ಬರೆದರೆ ಅದೇ ಪೂರ್ತಿ ವಿಳಾಸ. ಬರೆಯದೆ ಬಿಟ್ಟವರೇ ಹೆಚ್ಚು. ದೇವನಹಳ್ಳಿ ತಾಲ್ಲೂಕಿನಲ್ಲೊಂದು ಚನ್ನರಾಯಪಟ್ಟಣವಿದೆ, ಹಾಸನ ಜಿಲ್ಲೆಯಲ್ಲಿ ತಾಲ್ಲೂಕು ಕೇಂದ್ರವಾದ ಇನ್ನೊಂದು ಚನ್ನರಾಯಪಟ್ಟಣವಿದೆ. ತಾಲ್ಲೂಕಿನ ಹೆಸರು ಬಿಟ್ಟ ಕಾಗದ ಸಹಜವಾಗಿಯೇ ದೊಡ್ಡ ಊರಿನ ದಾರಿ ಹಿಡಿಯುತ್ತಿತ್ತು. ಪ್ಲೇಗಿನ ನಂತರ ಬೆಳೆದ ಮಲ್ಲೇಶ್ವರ, ಬಸವನಗುಡಿಯಂಥ ಬಡಾವಣೆಗಳಲ್ಲಿ ನೇರ ರಸ್ತೆ, ಸಾಲು ಮನೆ, ಅಡ್ಡರಸ್ತೆಗಳಿದ್ದವು. ಹೊಸ ಪೋಸ್ಟ್‌ಮ್ಯಾನನೂ ಕೆಲವು ದಿನಗಳಲ್ಲಿ ದಾರಿ ಕಲಿಯಬಹುದಿತ್ತು. ಹಳ್ಳಿಯಲ್ಲಿ ಮನೆಗೆ ನಂಬರಿಲ್ಲ, ಬೀದಿಗೆ ಹೆಸರಿಲ್ಲ, ಒಂದೇ ಊರಿನಲ್ಲಿ ನಾಲ್ಕು ಮುನಿಯಪ್ಪ, ಆರು ವೆಂಕಟಪ್ಪ. ಯಾರ ಮಗ, ಯಾರ ಅಳಿಯ, ಯಾವ ವಂಶದವನು ಎಂದು ಬಲ್ಲವನು ಮಾತ್ರ ಕಾಗದ ಮುಟ್ಟಿಸಬಲ್ಲ. ಬರಹವೂ ಒಂದೇ ಲಿಪಿಯದಲ್ಲ. ಇಲಾಖೆಯ ಕಡತ ಇಂಗ್ಲಿಷಿನದು. ಈ ಪೂರ್ವದ ತಾಲ್ಲೂಕುಗಳಲ್ಲಿ ಕಾಗದ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ, ದಂಡಿನ ಕಡೆಯಿಂದ ಬಂದರೆ ತಮಿಳಿನಲ್ಲಿ. ಇಷ್ಟನ್ನೂ ಕಣ್ಣಳತೆಯಲ್ಲೇ ಬಿಡಿಸಿಕೊಳ್ಳುವ ಮೇಷ್ಟರ ಜಾಣ್ಮೆಗೆ ಇಲಾಖೆ ಬೇರೆ ಬೆಲೆ ಕೊಡಲಿಲ್ಲ.

ನೂರಕ್ಕೆ ಹತ್ತು ಮಂದಿಗೂ ಓದು ಬರಹ ಬಾರದ ಕಾಲದಲ್ಲಿ ಹಳ್ಳಿಗೆ ಅಂಚೆಯ ಅಗತ್ಯವಾದರೂ ಎಷ್ಟಿತ್ತು, ವಾರಕ್ಕೊಮ್ಮೆ ಬಂದರೆ ಸಾಲದೇ ಎಂಬುದು ಇನ್ನೊಂದು ಆಕ್ಷೇಪ. ಮೇಲುನೋಟಕ್ಕೆ ಇದು ಬಲವಾದ ಮಾತು. ಆದರೆ ಓದು ಬಾರದ ಮನೆಗೆ ಕಾಗದ ಬೇಡವೆಂದಲ್ಲ. ಓದಿ ಹೇಳುವವನೊಬ್ಬ ಬೇಕು ಎಂದಷ್ಟೇ. ಕೋಲಾರದ ಚಿನ್ನದ ಗಣಿಗೋ ಬೆಂಗಳೂರಿನ ಗಿರಣಿಗೋ ಹೋದ ಮಗ ಕಳಿಸುವ ಹಣ ಬರುತ್ತಿದ್ದದ್ದು 1880ರಲ್ಲಿ ಅಂಚೆಯ ಕೈಗೆ ಬಂದ ಮನಿಯಾರ್ಡರಿನ ಮೂಲಕ. ಆ ಫಾರಮ್ಮಿನ ಕೂಪನ್ನಿನಲ್ಲಿ ಎರಡು ಸಾಲು ಬರೆಯಲು ಜಾಗವಿತ್ತು. ಎಷ್ಟೋ ತಾಯಂದಿರಿಗೆ ಮಗನ ಕ್ಷೇಮ ತಿಳಿದದ್ದು ಅಷ್ಟರಿಂದಲೇ. ಹಣ ಕೊಡುವಾಗ ಹೆಬ್ಬೆಟ್ಟು ಒತ್ತಿಸಿಕೊಂಡು, ಸಾಕ್ಷಿಗೆ ಒಬ್ಬರ ರುಜು ಹಾಕಿಸಿ, ಕೂಪನ್ನು ಓದಿ ಹೇಳಿ, ಬೇಕಾದರೆ ಮಾರುತ್ತರವನ್ನೂ ಅಲ್ಲೇ ಬರೆದುಕೊಡುವುದು ರೂಢಿಯಾಯಿತು. ಮುಂದೆ ಬಂದ ಜವಾಬು ಕಾರ್ಡು ಇಂಥವರಿಗೆ ಹೇಳಿ ಮಾಡಿಸಿದ್ದು: ಕಳಿಸಿದವನೇ ಉತ್ತರದ ಖರ್ಚನ್ನೂ ಕೊಟ್ಟಿರುತ್ತಿದ್ದ. ಚೀಟಿ ಹಚ್ಚದ ಬೇರಿಂಗ್ ಕಾಗದಕ್ಕೆ ಪಡೆಯುವವರು ಎರಡರಷ್ಟು ತೆರಬೇಕಿತ್ತು. ಹಣ ವಸೂಲಾಗಬೇಕಾದ್ದರಿಂದ ಅದು ತಪ್ಪದೆ ತಲುಪುತ್ತದೆಂಬ ನಂಬಿಕೆಯಿಂದ ಬೇಕೆಂದೇ ಬೇರಿಂಗ್ ಕಳಿಸುವವರೂ ಇದ್ದರು. ಓದು ಬಾರದವರು ಅಂಚೆಯಿಂದ ದೂರ ಉಳಿಯಲಿಲ್ಲ. ಅವರ ಸಲುವಾಗಿ ಪೋಸ್ಟ್‌ಮ್ಯಾನ್ ಕಾಗದ ಮುಟ್ಟಿಸುವವನೂ ಓದುವವನೂ ಬರೆಯುವವನೂ ಆದ. ನಗರದ ಪೋಸ್ಟ್‌ಮ್ಯಾನನಿಗಿಂತ ಹಳ್ಳಿಯವನು ಹೆಚ್ಚು ಕೆಲಸ ಮಾಡುತ್ತಿದ್ದನೆಂದು ನಾನು ಹೇಳುವುದು ಇದಕ್ಕಾಗಿಯೇ.

ಈ ದುಡಿಮೆಯನ್ನು ಹೊಗಳುವ ಭರದಲ್ಲಿ ಅದರ ಕುಂದನ್ನು ಮರೆಯಬಾರದು. ಅಂಚೆಯ ನಿಯಮಕ್ಕೆ ಜಾತಿ ಗೊತ್ತಿರಲಿಲ್ಲ; ಆದರೆ ಆಫೀಸು ಇದ್ದದ್ದು ಊರೊಳಗಿನ ಒಬ್ಬರ ಮನೆಯಲ್ಲಿ, ಆ ಮನೆಯ ಜಗಲಿಗೆ ಜಾತಿ ಗೊತ್ತಿತ್ತು. ಅಸ್ಪೃಶ್ಯತೆ ಹಗಲು ಬೆಳಕಿನಲ್ಲೇ ನಡೆಯುತ್ತಿದ್ದ ಕಾಲದಲ್ಲಿ ಕೇರಿಯವನು ಕಾರ್ಡು ಕೊಳ್ಳಲು ಬಂದರೆ ಅಂಗಳದಲ್ಲೇ ನಿಲ್ಲಬೇಕಾಗುತ್ತಿತ್ತು. ಅವನ ಕಾಗದವನ್ನು ಓದುವವನೂ ಮೇಲುಜಾತಿಯವನೇ, ಆದ್ದರಿಂದ ಅವನ ಮನೆಯ ಗುಟ್ಟು ಅವನದಾಗಿ ಉಳಿಯುತ್ತಿರಲಿಲ್ಲ. ಸರ್ಕಾರಿ ಕಟ್ಟಡವೊಂದು ಇದ್ದಿದ್ದರೆ ಈ ಅವಮಾನ ಪೂರ್ತಿ ಹೋಗುತ್ತಿತ್ತೆಂದು ಹೇಳಲಾಗದು. ಆದರೆ ತನ್ನ ಹಕ್ಕೆಂದು ಕೇಳಲು ಅವನಿಗೊಂದು ಆಸರೆ ಇರುತ್ತಿತ್ತು. ಇಲಾಖೆ ಉಳಿಸಿದ ಬಾಡಿಗೆಯ ಒಂದು ಪಾಲನ್ನು ಕೇರಿಯವರು ಹೀಗೆ ತೆತ್ತರು.

ಇಷ್ಟಾದರೂ ಇಲಾಖೆಯ ಪರವಾಗಿ ಒಂದು ಮಾತಿದೆ, ಅದನ್ನು ತಳ್ಳಿಹಾಕಲಾಗದು. ಕಾಲಾಣೆಯ ಕಾರ್ಡಿನ ಆದಾಯದಲ್ಲಿ ಪ್ರತಿ ಹಳ್ಳಿಗೂ ಪೂರ್ಣ ಸಂಬಳದ ನೌಕರನನ್ನು ಇಡಲು ಸಾಧ್ಯವೇ ಇರಲಿಲ್ಲ; ಅರೆಕಾಲದ ಏರ್ಪಾಡು ಇಲ್ಲದಿದ್ದರೆ ತ್ಯಾಮಗೊಂಡ್ಲುವಿನಂಥ ವ್ಯಾಪಾರದ ಊರುಗಳಲ್ಲಿ ಮಾತ್ರ ಪೋಸ್ಟಾಫೀಸು ಇರುತ್ತಿತ್ತು, ಸಣ್ಣ ಹಳ್ಳಿಗಳು ಕತ್ತಲಲ್ಲೇ ಉಳಿಯುತ್ತಿದ್ದವು. ಮೇಷ್ಟರಿಗೂ ಆ ಸಣ್ಣ ಭತ್ಯೆ ಒಂದು ಆಸರೆ, ಜೊತೆಗೆ ಊರಿನಲ್ಲಿ ಮರ್ಯಾದೆ. ಇದೆಲ್ಲ ಸರಿ. 1900ರ ಹೊತ್ತಿಗೆ ಬೇರೆ ದಾರಿ ಕಡಿಮೆ ಇತ್ತೆಂದು ನಾನೂ ಒಪ್ಪುತ್ತೇನೆ. ನನ್ನ ತಕರಾರು ಇರುವುದು ಆ ಏರ್ಪಾಡು ಹುಟ್ಟಿದ್ದಕ್ಕಲ್ಲ, ಅದರ ಕಾರಣ ಸವೆದ ಮೇಲೂ ಅದು ನಿಂತದ್ದಕ್ಕೆ. ಆರಂಭದಲ್ಲಿ ಈ ಕೆಲಸಕ್ಕೆ ಬಂದ ಮೇಷ್ಟರಿಗೂ ಅಂಗಡಿಯವರಿಗೂ ಬೇರೆ ಜೀವನಾಧಾರವಿತ್ತು, ಆದ್ದರಿಂದ ಭತ್ಯೆ ಮೇಲುಸಂಪಾದನೆಯಾಗಿತ್ತು. ಕಾಲ ಕಳೆದಂತೆ ಅಂಚೆಯ ಕೆಲಸವನ್ನೇ ಬದುಕಿನ ಮುಖ್ಯ ಆಧಾರವಾಗಿ ಹಿಡಿದವರು ಆ ಜಾಗಕ್ಕೆ ಬಂದರು. ನಿಯಮ ಮಾತ್ರ ಅವರನ್ನು ಅಂಗಡಿಯವರೆಂದೇ ನೋಡುತ್ತಾ ಬಂತು.

ಇವರೂ ಸರ್ಕಾರದ ಅಡಿಯಲ್ಲಿ ಹುದ್ದೆ ಹೊಂದಿದವರೇ, ಮನಬಂದಂತೆ ಕೆಲಸದಿಂದ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1977ರಲ್ಲಿ. ಈಗ ಅವರ ಹೆಸರು ಗ್ರಾಮೀಣ ಡಾಕ್ ಸೇವಕರು. ದೇಶದ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಸುಮಾರು ಒಂಬತ್ತು ಇರುವುದು ಹಳ್ಳಿಗಳಲ್ಲಿ, ಅವುಗಳಲ್ಲಿ ಬಹುಪಾಲನ್ನು ನಡೆಸುವವರು ಇವರು. ಮನಿಯಾರ್ಡರಿನ ಜಾಗಕ್ಕೆ ಬೆರಳಗುರುತಿನ ಯಂತ್ರ ಬಂದಿದೆ, ಪಿಂಚಣಿಯ ಹಣ ಮನೆ ಬಾಗಿಲಲ್ಲಿ ಎಣಿಸಿಕೊಡುವ ಕೆಲಸ ಹಾಗೇ ಇದೆ. 1898ರ ಅಂಚೆ ಕಾಯ್ದೆಯೂ ಹೋಗಿ, 2023ರ ಹೊಸ ಕಾಯ್ದೆ 2024ರ ಜೂನ್‌ನಿಂದ ಜಾರಿಯಲ್ಲಿದೆ. ಕಾಯ್ದೆ ಬದಲಾದರೂ ಇವರ ಸ್ಥಿತಿಯ ಮೂಲ ಬದಲಾಗಿಲ್ಲ. 2018ರಲ್ಲಿ ಭತ್ಯೆ ಹೆಚ್ಚಾಯಿತು, ಆದರೆ ಅದರ ಲೆಕ್ಕ ಇಂದಿಗೂ ದಿನಕ್ಕೆ ನಾಲ್ಕು ಇಲ್ಲವೇ ಐದು ಗಂಟೆಯದು. ಇಲಾಖೆಯ ಕಾಯಂ ಹುದ್ದೆಗೆ ಏರಿದವರ ವಿಷಯದಲ್ಲೂ, ಹಿಂದೆ ಹಳ್ಳಿಯಲ್ಲಿ ದುಡಿದ ವರ್ಷಗಳನ್ನು ಪಿಂಚಣಿಯ ಲೆಕ್ಕಕ್ಕೆ ಸೇರಿಸಲು ಬರುವುದಿಲ್ಲವೆಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ. ನಿಯಮ ಇರುವವರೆಗೆ ಕೋರ್ಟು ಬೇರೆ ಏನನ್ನೂ ಹೇಳಲಾಗದಿರಬಹುದು. ನಿಯಮ ಬದಲಿಸುವ ಅಧಿಕಾರ ಸಂಸತ್ತಿಗೂ ಸರ್ಕಾರಕ್ಕೂ ಇದೆ. ಹಳ್ಳಿಯಲ್ಲಿ ಚೀಲ ಹೊತ್ತ ವರ್ಷಗಳನ್ನು ಪಿಂಚಣಿಗೆ ಎಣಿಸುವ ತಿದ್ದುಪಡಿಯನ್ನು ಅವರು ತರಬೇಕು. ಈ ನಾಲ್ಕು ತಾಲ್ಲೂಕುಗಳಿಂದ ದೆಹಲಿಗೆ ಹೋದ ಪ್ರತಿನಿಧಿಗಳು ಅದನ್ನು ಕೇಳಬೇಕು.