ಹಳೆಯ ಅಂಬಾಸಿಡರ್‌ನ ಕಿಡಿ: ಪಾಯಿಂಟ್‌ಗಳ ಆರೈಕೆ

12 ವೋಲ್ಟ್‌ಗಳ ಬ್ಯಾಟರಿಯಿಂದ,
ಸಾವಿರಾರು ವೋಲ್ಟ್ ಬೇಡುವ ಕಿಡಿಯು
ಹಳೆಯ ಅಂಬಾಸಿಡರ್ ಕಾರಿನ 1489 ಸಿಸಿ ಪೆಟ್ರೋಲ್ ಎಂಜಿನ್ನಿನಲ್ಲಿ
ಹುಟ್ಟುವುದಾದರೂ ಹೇಗೆ?

ಸಿಲಿಂಡರುಗಳಿಗೆ ಸರದಿಯಂತೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ನೊಳಗೆ,
ಪಾಯಿಂಟ್ ಎಂದು ಕರೆಯಲಾಗುವ ಎರಡು ಲೋಹದ ತುದಿಗಳು ಕೂಡಿದಾಗ,
ಇಗ್ನಿಷನ್ ಕಾಯಿಲ್‌ನಲ್ಲಿ ವಿದ್ಯುತ್ ಹರಿದು
ಕಾಂತಕ್ಷೇತ್ರ ಏರ್ಪಡುತ್ತದೆ.

ಅವು ಬೇರ್ಪಟ್ಟ ಕ್ಷಣದಲ್ಲಿ,
ಎಳೆದ ಹೆದೆಯನ್ನು ಬಿಟ್ಟೊಡನೆ ಬಾಣ ಚಿಮ್ಮುವಂತೆ,
ಆ ಕ್ಷೇತ್ರ ಕುಸಿದು,
ಅಧಿಕ ವೋಲ್ಟೇಜು ಸ್ಪಾರ್ಕ್ ಪ್ಲಗ್‌ನತ್ತ ಧಾವಿಸುತ್ತದೆ.

ಪೂರ್ತಿ ತೆರೆದ ಪಾಯಿಂಟ್‌ಗಳ ನಡುವೆ
ಸುಮಾರು 0.4 ಮಿಲಿಮೀಟರ್ ಅಂತರವಿರಬೇಕಾಗಿದ್ದು,
ಅದನ್ನು ಗೊತ್ತಾದ ದಪ್ಪದ ಉಕ್ಕಿನ ಎಸಳುಗಳುಳ್ಳ
ಫೀಲರ್ ಗೇಜ್‌ನಿಂದ ಅಳೆಯಲಾಗುತ್ತದೆ.

ಪಾಯಿಂಟ್‌ಗಳನ್ನು ತೆರೆಯುವ ತಿರುಗುವ ಉಬ್ಬುಗಳುಳ್ಳ ಕ್ಯಾಮ್‌ಗೆ
ತೆಳುವಾಗಿ ಗ್ರೀಸ್ ಹಚ್ಚದಿದ್ದರೆ,
ಅದಕ್ಕೆ ಉಜ್ಜುವ ಭಾಗ ಸವೆದು ಅಂತರ ಕುಗ್ಗುತ್ತದೆ,
ಕಿಡಿಯೂ ತಡವಾಗುತ್ತದೆ.

ಪಾಯಿಂಟ್‌ಗಳ ನಡುವೆಯೇ ಕಿಡಿ ಹಾರದಂತೆ ಕಾಯುವ ಕಂಡೆನ್ಸರ್ ಕೆಟ್ಟರೆ,
ಅವು ಬೇಗನೆ ಸುಟ್ಟುಹೋಗುವುದರಿಂದ,
ಹೊಸ ಪಾಯಿಂಟ್ ಹಾಕುವಾಗ
ಕಂಡೆನ್ಸರನ್ನೂ ಪರೀಕ್ಷಿಸಬೇಕು.

ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ,
ಇಲ್ಲವೆ ಅದರಲ್ಲಿ ಕೂದಲೆಳೆಯ ಬಿರುಕು ಬಿದ್ದರೆ,
ಕಿಡಿ ದಾರಿ ತಪ್ಪಿ,
ಎಂಜಿನ್ ಮಿಸ್ಸಿಂಗ್ ಹೊಡೆಯುತ್ತದೆ;
ಒಣಬಟ್ಟೆಯಿಂದ ಒರೆಸಿ,
ಬಿರುಕು ಬಿಟ್ಟದ್ದನ್ನು ಬದಲಿಸುವುದೇ ಪರಿಹಾರ.

ಪಾಯಿಂಟ್ ಅಂತರ ಬದಲಾದರೆ
ಕಿಡಿ ಹೊತ್ತುವ ಸಮಯ, ಅಂದರೆ ಟೈಮಿಂಗ್ ಕೂಡ ಬದಲಾಗುವುದರಿಂದ,
ಮೊದಲು ಅಂತರ, ಅನಂತರ ಟೈಮಿಂಗ್ ಎಂಬ ಕ್ರಮವನ್ನು ಮೀರಬಾರದು.

2014ರಲ್ಲಿ ಅಂಬಾಸಿಡರ್ ತಯಾರಿಕೆ ನಿಂತಿರುವುದರಿಂದ,
ಉಳಿದಿರುವ ಪ್ರತಿಯೊಂದು ಕಾರೂ ಜತನಕ್ಕೆ ಅರ್ಹವಾಗಿದೆ;
ಪಾಯಿಂಟ್ ಇರುವ ಕಾರುಗಳ ಒಡೆಯರು ಸರ್ವಿಸ್ ಮಾಡಿಸುವಾಗಲೆಲ್ಲ
ಪಾಯಿಂಟ್‌ಗಳನ್ನು ತಪ್ಪದೆ ಪರೀಕ್ಷಿಸಬೇಕು.