ಶಾಫ್ಟಿನ ಬೆನ್ನೆಲುಬು ಯಾವ ಕಡೆಗಿದೆ?

ಕಿಟಕಿ ಮುಚ್ಚಿ ಬೆಳಕು ಕಡಿಮೆ ಮಾಡಿದ ಕೋಣೆ. ಮೇಜಿಗೆ ಬಿಗಿದ ವೈಸಿನಲ್ಲಿ ಗಾಲ್ಫ್ ಕ್ಲಬ್ಬಿನ ಶಾಫ್ಟೊಂದರ ದಪ್ಪ ತುದಿ ಸಿಕ್ಕಿಕೊಂಡಿದೆ. ತೆಳ್ಳನೆಯ ಇನ್ನೊಂದು ತುದಿಗೆ ಸಣ್ಣ ತೂಕ, ಅದರ ಜೊತೆಗೊಂದು ಲೇಸರ್ ದೀಪ. ಕ್ಲಬ್ ಜೋಡಿಸುವ ಕುಶಲಕರ್ಮಿ ಆ ತುದಿಯನ್ನು ನಾಲ್ಕು ಬೆರಳಷ್ಟು ಎಳೆದು ಬಿಡುತ್ತಾನೆ. ಎದುರಿನ ಗೋಡೆಯ ಮೇಲೆ ಕೆಂಪು ಚುಕ್ಕೆ ಮೇಲೆ ಕೆಳಗೆ ಓಡುತ್ತದೆ. ಮೊದಮೊದಲು ನೇರ ಗೆರೆ. ಸ್ವಲ್ಪ ಹೊತ್ತಿಗೆ ಗೆರೆಯ ಹೊಟ್ಟೆ ಉಬ್ಬಿ ಮೊಟ್ಟೆಯಾಕಾರ, ಆಮೇಲೆ ಹೆಚ್ಚುಕಡಿಮೆ ವೃತ್ತ. ವೈಸ್ ಸಡಿಲಿಸಿ, ಶಾಫ್ಟನ್ನು ತುಸು ತಿರುಗಿಸಿ, ಮತ್ತೆ ಬಿಗಿದು, ಮತ್ತೆ ಎಳೆದು ಬಿಡುತ್ತಾನೆ. ಹೀಗೆ ಐದಾರು ಸಲ. ಕೊನೆಗೊಂದು ಸ್ಥಾನದಲ್ಲಿ ಚುಕ್ಕೆ ಹೊರಳುವುದಿಲ್ಲ, ಕಂಪನ ನಿಲ್ಲುವವರೆಗೂ ಒಂದೇ ಗೆರೆಯ ಮೇಲೆ ಓಡಾಡುತ್ತದೆ. ಶಾಫ್ಟಿನ ಮೇಲೆ ಪೆನ್ಸಿಲ್ ಗುರುತು ಬೀಳುವುದು ಆಗ.

ಹೊರನೋಟಕ್ಕೆ ಶಾಫ್ಟ್ ಎಂದರೆ ದುಂಡನೆಯ ಕೊಳವೆ, ಅಷ್ಟೇ. ಯಾವ ಕಡೆ ತಿರುಗಿಸಿ ಕ್ಲಬ್ಬಿನ ತಲೆಗೆ ಅಂಟಿಸಿದರೇನು ಎನ್ನಿಸುವುದು ಸಹಜ. ಆದರೆ ಸುತ್ತಲೂ ಒಂದೇ ಸಮನೆ ಗಟ್ಟಿಯಿರುವ ಕೊಳವೆಯನ್ನು ತಯಾರಿಸುವುದು ಬಲು ಕಷ್ಟ. ಯಾವುದೋ ಒಂದು ಕಡೆ ಅದು ಕೊಂಚ ಹೆಚ್ಚು ಬಿರುಸು, ಇನ್ನೊಂದು ಕಡೆ ಕೊಂಚ ಮೆದು. ಆ ಬಿರುಸಾದ ಬದಿಗೆ ಗಾಲ್ಫ್ ಲೋಕದಲ್ಲಿ ‘ಸ್ಪೈನ್’, ಅಂದರೆ ಬೆನ್ನೆಲುಬು, ಎಂದು ಹೆಸರು.

ಮರದ ಕಾಲದಲ್ಲಿ ಇದು ಯಾರಿಗೂ ಹೇಳಿಕೊಡಬೇಕಾದ ಸಂಗತಿಯಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ಎರಡು ದಶಕಗಳಲ್ಲಿ ಶಾಫ್ಟುಗಳು ಬಹುಪಾಲು ಅಮೆರಿಕದ ಹಿಕರಿ ಮರದವು. ಮರದ ಎಳೆ ಯಾವ ಕಡೆಗೆ ಓಡುತ್ತದೆ ಎಂದು ನೋಡಿಯೇ ಬಡಗಿ ಶಾಫ್ಟನ್ನು ತಲೆಗೆ ಕೂಡಿಸುತ್ತಿದ್ದ. ನೇಗಿಲಿಗೆ ಮರ ಆರಿಸುವ ನಮ್ಮ ಬಡಗಿಯೂ ಎಳೆ ನೋಡದೆ ಬಾಚಿ ಎತ್ತುವುದಿಲ್ಲ. ಆಮೇಲೆ ಉಕ್ಕು ಬಂತು. ಗಾಲ್ಫಿನ ನಿಯಮ ರೂಪಿಸುವ, ಸೇಂಟ್ ಆಂಡ್ರೂಸ್‌ನ ಆರ್ ಅಂಡ್ ಎ ಸಂಸ್ಥೆ 1929ರಲ್ಲಿ ಉಕ್ಕಿನ ಶಾಫ್ಟಿಗೆ ಒಪ್ಪಿಗೆ ಕೊಟ್ಟಿತು. ಎಳೆ ಕಣ್ಣಿಗೆ ಕಾಣದಾಯಿತು, ಸಮಸ್ಯೆ ಮಾತ್ರ ಒಳಗೇ ಉಳಿಯಿತು. ಉಕ್ಕಿನ ಪಟ್ಟಿಯನ್ನು ಸುರುಳಿ ಮಾಡಿ ಬೆಸುಗೆ ಹಾಕಿ, ಮತ್ತೆ ಮತ್ತೆ ಅಚ್ಚಿನ ಮೂಲಕ ಎಳೆದು ತೆಳುಗೊಳಿಸುವಾಗ ಕೊಳವೆಯ ಗೋಡೆ ಎಲ್ಲೆಡೆ ಒಂದೇ ದಪ್ಪಕ್ಕೆ ಬರಬೇಕೆಂದಿಲ್ಲ.

ಕಾರ್ಬನ್ ನಾರಿನ ಶಾಫ್ಟಿನಲ್ಲಿ, ಅಂದರೆ ಗ್ರಾಫೈಟ್ ಶಾಫ್ಟಿನಲ್ಲಿ, ಕಾರಣ ಇನ್ನೂ ಸ್ಪಷ್ಟ. 1969ರಲ್ಲಿ ಶೇಕ್ಸ್‌ಪಿಯರ್ ಎಂಬ ಕಂಪನಿಯಲ್ಲಿದ್ದ ಎಂಜಿನಿಯರ್ ಫ್ರ್ಯಾಂಕ್ ಥಾಮಸ್ ರೂಪಿಸಿದ ಶಾಫ್ಟು ಇದು. ನಮ್ಮ ಕರಾವಳಿ, ಮಲೆನಾಡಿನ ತೋಟಗಳಲ್ಲಿ ಈಗ ಅಡಿಕೆ ಕೊಯ್ಯುವ ಹಗುರ ದೋಟಿಯೂ ಇದೇ ಕಾರ್ಬನ್ ನಾರಿನದು. ತುದಿಯಲ್ಲಿ ಕತ್ತಿಯ ಭಾರ ಹೊತ್ತ ಅಂಥ ದೋಟಿಯನ್ನು ನೆಟ್ಟಗೆ ಎತ್ತಿ ಹಿಡಿದವರಿಗೆ, ಉದ್ದನೆಯ ಕೊಳವೆಯೊಂದು ಕೈಯಲ್ಲಿ ಹೇಗೆ ಓಲಾಡುತ್ತದೆ ಎಂದು ವಿವರಿಸಬೇಕಾಗಿಲ್ಲ. ಗಾಲ್ಫ್ ಶಾಫ್ಟಿಗಾಗಿ ಅಂಟು ಹೀರಿದ ಕಾರ್ಬನ್ ಹಾಳೆಗಳನ್ನು ಬೇಕಾದ ಆಕಾರಕ್ಕೆ ಕತ್ತರಿಸಿ, ಉಕ್ಕಿನ ಸಲಾಕೆಯೊಂದರ ಮೇಲೆ ಪದರ ಪದರವಾಗಿ ಸುತ್ತುತ್ತಾರೆ. ಮೇಲೆ ಪಟ್ಟಿ ಬಿಗಿದು ಒಲೆಯಲ್ಲಿ ಬೇಯಿಸಿ, ಸಲಾಕೆ ಕಳಚಿ, ಉಜ್ಜಿ ನಯ ಮಾಡುತ್ತಾರೆ. ಪ್ರತಿ ಹಾಳೆಗೂ ಒಂದು ಆರಂಭದ ಅಂಚು, ಒಂದು ಕೊನೆಯ ಅಂಚು ಇದ್ದೇ ಇರುತ್ತದೆ. ಅಂಚುಗಳು ಒಂದರ ಮೇಲೊಂದು ಕೂತ ಕಡೆ ಗೋಡೆ ದಪ್ಪ. ಉಜ್ಜುವಾಗ ಒಂದು ಬದಿ ಕೂದಲೆಳೆಯಷ್ಟು ಹೆಚ್ಚು ಸವೆದರೂ ಸಾಕು, ಸಮತೆ ಕೆಡುತ್ತದೆ.

ಇಂಥ ಶಾಫ್ಟಿಗೆ ಒಂದು ಗಟ್ಟಿ ದಿಕ್ಕು, ಅದಕ್ಕೆ ಲಂಬವಾಗಿ ಒಂದು ಮೆದು ದಿಕ್ಕು ಇರುತ್ತದೆ. ಈ ಎರಡರಲ್ಲಿ ಯಾವುದಾದರೊಂದರ ಉದ್ದಕ್ಕೆ ಎಳೆದು ಬಿಟ್ಟರೆ ತುದಿ ನೇರವಾಗಿ ಅಲುಗುತ್ತದೆ. ನಡುವಿನ ದಿಕ್ಕಿಗೆ ಎಳೆದರೆ ಎರಡೂ ಕಂಪನಗಳು ಒಟ್ಟಿಗೆ ಏಳುತ್ತವೆ, ಆದರೆ ಅವುಗಳ ವೇಗ ಒಂದೇ ಅಲ್ಲ. ಒಂದೇ ನೊಗದ ಎರಡು ಎತ್ತುಗಳಲ್ಲಿ ಒಂದರ ನಡಿಗೆ ತುಸು ಚುರುಕಾದರೆ ಗಾಡಿ ಓರೆಯಾಗುವ ಹಾಗೆ, ಗೋಡೆಯ ಮೇಲಿನ ಗೆರೆ ಮೊಟ್ಟೆಯಾಗುತ್ತದೆ. ವರ್ಕ್‌ಶಾಪುಗಳಲ್ಲಿ ಈ ಪರೀಕ್ಷೆಗೆ ‘ಫ್ಲೋ’ ಎನ್ನುತ್ತಾರೆ. ಎರಡು ಬೇರಿಂಗುಗಳ ನಡುವೆ ಶಾಫ್ಟನ್ನು ಬಗ್ಗಿಸಿ, ಅದು ತಾನಾಗಿ ಯಾವ ಬದಿಗೆ ಹೊರಳಿ ನಿಲ್ಲುತ್ತದೆಂದು ನೋಡುವ ಅಗ್ಗದ ಸಾಧನವೂ ಉಂಟು. ಅದನ್ನು ನೆಚ್ಚಿಕೊಳ್ಳದಿರುವುದು ಮೇಲು. ಶಾಫ್ಟಿನಲ್ಲಿ ಮೊದಲೇ ಕಣ್ಣಿಗೆ ಕಾಣದ ಸೊಟ್ಟು ಇದ್ದರೆ ಆ ಸಾಧನ ಸೊಟ್ಟನ್ನೇ ಬೆನ್ನೆಲುಬು ಎಂದು ತೋರಿಸಿಬಿಡುತ್ತದೆ.

ನಿಯಮ ಏನು ಹೇಳುತ್ತದೆ? ಶಾಫ್ಟನ್ನು ಅದರ ಅಕ್ಷದ ಸುತ್ತ ಹೇಗೆ ತಿರುಗಿಸಿ ಹಿಡಿದರೂ ಅದು ಒಂದೇ ಪ್ರಮಾಣದಲ್ಲಿ ಬಾಗಬೇಕು, ಎರಡೂ ದಿಕ್ಕಿಗೆ ಒಂದೇ ಪ್ರಮಾಣದಲ್ಲಿ ತಿರುಚಬೇಕು. ತಯಾರಿಕೆಯಲ್ಲಿ ಉಳಿದುಹೋದ ಅಸಮತೆಯನ್ನು ಮರೆಸಲು, ಶಾಫ್ಟು ಪೂರ್ತಿ ಸಮವಾಗಿರುವಂತೆ ವರ್ತಿಸಲೆಂದು ಅದನ್ನು ಹೊಂದಿಸಿ ಕೂಡಿಸುವುದಕ್ಕೆ ಅಡ್ಡಿಯಿಲ್ಲ. ದಾರಿ ತಪ್ಪುವ ಚೆಂಡನ್ನು ನೇರ ಮಾಡುವ ಉದ್ದೇಶದಿಂದ ಬೇಕೆಂದೇ ತಿರುಗಿಸಿ ಕೂಡಿಸುವುದು ಮಾತ್ರ ನಿಯಮದ ಆಶಯಕ್ಕೆ ವಿರುದ್ಧ. ಬಹಳ ನ್ಯಾಯವಾದ ಗೆರೆ ಇದು.

ಹಾಗಾದರೆ ಆಟಗಾರನಿಗೆ ಸಿಗುವುದೇನು? ಗೋಡೆಯ ಮೇಲಿನ ಕೆಂಪು ಚುಕ್ಕೆಯ ಕುಣಿತ ನೋಡಿದವರಿಗೆ, ಚೆಂಡು ಹೊಡೆಯುವಾಗಲೂ ಕ್ಲಬ್ಬಿನ ತಲೆ ಹೀಗೇ ಸುತ್ತುತ್ತಿರಬೇಕು ಎನ್ನಿಸುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ದೂರದ ಹೊಡೆತಕ್ಕೆ ಬಳಸುವ ಡ್ರೈವರ್ ಎಂಬ ಕ್ಲಬ್ಬಿನ ಶಾಫ್ಟನ್ನು ವೈಸಿಗೆ ಬಿಗಿದು ಅಳೆದರೆ ಸುಮಾರು ನಿಮಿಷಕ್ಕೆ 250 ಕಂಪನ, ಅಂದರೆ ಒಂದು ಕಂಪನಕ್ಕೆ ಕಾಲು ಸೆಕೆಂಡು. ಮೇಲಿನಿಂದ ಬೀಸಿ ಚೆಂಡಿಗೆ ತಾಕುವಷ್ಟರಲ್ಲಿ ಕಳೆಯುವುದೂ ಸುಮಾರು ಅಷ್ಟೇ ಹೊತ್ತು. ಮೊಟ್ಟೆಯಾಕಾರ ಮೂಡಲು ಹಲವು ಕಂಪನಗಳು ಬೇಕು, ಬೀಸಿನಲ್ಲಿ ಅಷ್ಟು ಸಮಯವೇ ಇಲ್ಲ. ಅದೂ ಅಲ್ಲದೆ ಶಾಫ್ಟು ಒಂದೇ ದಿಕ್ಕಿಗೆ ಬಾಗುವುದಿಲ್ಲ. ಬೀಸಿನ ಆರಂಭದಲ್ಲಿ ತಲೆ ಹಿಂದೆ ಉಳಿಯುತ್ತದೆ, ಚೆಂಡಿನ ಹತ್ತಿರ ಬರುವಾಗ ಮುಂದಕ್ಕೂ ಕೆಳಕ್ಕೂ ಬಾಗುತ್ತದೆ. ಆದ್ದರಿಂದ ಬೆನ್ನೆಲುಬು ಹೊಂದಿಸಿದ ಮಾತ್ರಕ್ಕೆ ಚೆಂಡು ಮೂವತ್ತು ಗಜ ಹೆಚ್ಚು ಹಾರುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ.

ನಿಜವಾದ ಲಾಭ ಬೇರೆ ಕಡೆ ಇದೆ. ನಿಯಮದ ಪ್ರಕಾರ ಆಟಗಾರನ ಚೀಲದಲ್ಲಿ 14 ಕ್ಲಬ್ಬುಗಳವರೆಗೆ ಇರಬಹುದು. ಒಂದರಲ್ಲಿ ಗಟ್ಟಿ ಬದಿ ಗುರಿಯ ಕಡೆಗೆ, ಇನ್ನೊಂದರಲ್ಲಿ ಅಡ್ಡಕ್ಕೆ, ಮತ್ತೊಂದರಲ್ಲಿ ಓರೆಗೆ ಕೂತಿದ್ದರೆ, ಪೆಟ್ಟಿಗೆಯ ಮೇಲೆ ಒಂದೇ ಗಡಸು ಎಂದು ಬರೆದಿದ್ದರೂ ಕೈಗೆ ಅವು ಬೇರೆ ಬೇರೆಯೇ. 200 ಮೀಟರ್ ದೂರಕ್ಕೆ ಹೊಡೆಯುವಾಗ ಚೆಂಡು ಹೊರಡುವ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಅದು ಬೀಳುವುದು ಮೂರೂವರೆ ಮೀಟರ್ ಆಚೆ. ಎಲ್ಲ ಶಾಫ್ಟುಗಳ ನೇರ ಕಂಪನದ ಗೆರೆಯನ್ನೂ ಗುರಿಯ ದಿಕ್ಕಿಗೇ ಹೊಂದಿಸಿ ಕೂಡಿಸಿದರೆ, ಏಳನೇ ಐರನ್ ಹಾಗೂ ಎಂಟನೇ ಐರನ್ ನಡುವೆ ಇರಬಾರದ ಒಂದು ವ್ಯತ್ಯಾಸ ಕಡಿಮೆಯಾಗುತ್ತದೆ. ತಪ್ಪು ಹೊಡೆತ ಬಿದ್ದಾಗ ಅದು ತನ್ನ ಕೈಯದೇ ಎಂದು ಆಟಗಾರ ಧೈರ್ಯವಾಗಿ ತಿದ್ದಿಕೊಳ್ಳಬಹುದು.

ಈ ಏಕರೂಪತೆಗೆ ಎಷ್ಟು ಬೆಲೆ ಎಂಬುದನ್ನು ಬೆಂಗಳೂರಿನವರು 2021ರ ಆಗಸ್ಟಿನಲ್ಲಿ ಬೆಳ್ಳಂಬೆಳಗ್ಗೆ ಎದ್ದು ಟಿವಿಯಲ್ಲಿ ನೋಡಿದ್ದಾರೆ. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ ಐದನೇ ವಯಸ್ಸಿಗೆ ಕ್ಲಬ್ ಹಿಡಿದ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸಿನಲ್ಲಿ ನಾಲ್ಕನೆಯವರಾದರು. ನಾಲ್ಕು ದಿನ, 72 ಗುಳಿ, 269 ಹೊಡೆತ. ಪದಕ ಕೈತಪ್ಪಿದ್ದು ಒಂದೇ ಹೊಡೆತದಿಂದ. ಅವರು ದೂರ ಹೊಡೆಯುವವರಲ್ಲ, ಹೇಳಿದಲ್ಲಿಗೆ ಹೊಡೆಯುವವರು. ಬಲದಲ್ಲಿ ಮುಂದಿದ್ದವರ ಪಕ್ಕದಲ್ಲಿ ಅವರು ಕೊನೆಯ ಗುಳಿಯವರೆಗೂ ಪದಕದ ಪೈಪೋಟಿಯಲ್ಲಿ ನಿಂತದ್ದು ಅದರಿಂದಲೇ.

ಈಚಿನ ಒಳ್ಳೆಯ ಶಾಫ್ಟುಗಳಲ್ಲಿ ಎರಡು ದಿಕ್ಕುಗಳ ಅಂತರ ನಿಮಿಷಕ್ಕೆ ಒಂದೆರಡು ಕಂಪನಗಳಷ್ಟೇ ಇರುವುದುಂಟು. ಅಂಥದ್ದಕ್ಕೆ ಪ್ರತ್ಯೇಕ ಹಣ ಸುರಿಯುವುದಕ್ಕಿಂತ ಆ ದುಡ್ಡಿನಲ್ಲಿ ಕೋಚ್ ಹತ್ತಿರ ನಾಲ್ಕು ತರಗತಿ ಪಡೆಯುವುದು ಒಳಿತು. ಅಂತರ ತೀರಾ ಹೆಚ್ಚಿದ್ದರೆ ಶಾಫ್ಟನ್ನೇ ಬದಲಾಯಿಸಬೇಕು. ಹೊಸ ಕ್ಲಬ್ ಕೂಡಿಸುವಾಗ ಅಥವಾ ಮುರಿದ ಶಾಫ್ಟ್ ಬದಲಿಸುವಾಗ ಬೆನ್ನೆಲುಬಿನ ಹೊಂದಾಣಿಕೆ ಮಾಡಿಸಿಕೊಳ್ಳುವುದು ಜಾಣತನ. ಹಳೆಯ ಕ್ಲಬ್ಬಾದರೆ ಎಪಾಕ್ಸಿ ಅಂಟನ್ನು ಬಿಸಿ ಮಾಡಿ ತಲೆ ಕಳಚಬೇಕು, ಹಿಡಿಕೆಯೂ ಹಾಳಾಗಬಹುದು.

ಡ್ರೈವರ್ ಕೊಂಡವರು ಇನ್ನೊಂದನ್ನು ಗಮನಿಸಬೇಕು. ಇಂದಿನ ಹಲವು ಡ್ರೈವರುಗಳಲ್ಲಿ ತಲೆಯ ಕೋನ ಬದಲಿಸಲು ತಿರುಗಿಸುವ ತೋಳು ಇರುತ್ತದೆ. ಅವುಗಳಲ್ಲಿ ಬಹಳಷ್ಟರಲ್ಲಿ ತೋಳು ತಿರುಗಿದರೆ ಶಾಫ್ಟೂ ಜೊತೆಗೇ ತಿರುಗುತ್ತದೆ, ಶ್ರಮಪಟ್ಟು ಹೊಂದಿಸಿದ ಗೆರೆ ಗುರಿ ಬಿಟ್ಟು ಬೇರೆಡೆ ನೋಡುತ್ತದೆ. ಮೊದಲು ಕೋನ ಯಾವುದಿರಬೇಕೆಂದು ಮೈದಾನದಲ್ಲಿ ಹೊಡೆದು ನೋಡಿ ನಿಶ್ಚಯಿಸಿಕೊಂಡು, ಆಮೇಲೆ ಶಾಫ್ಟನ್ನು ವೈಸಿಗೆ ಕೊಡುವುದು ಸರಿಯಾದ ಕ್ರಮ.