ಬಂಗುಡೆಯೂ ಮಂಜುಗಡ್ಡೆಯೂ

ಮಂಗಳೂರಿನ ಬಂದರಿನಿಂದ ಬಂಗುಡೆಯು ಮನೆ ಸೇರುವಷ್ಟರಲ್ಲಿ ಅದರ ಮೈಮೇಲಿನ ಸೂಕ್ಷ್ಮಜೀವಿಗಳು ತಮ್ಮ ಕೆಲಸವನ್ನು ಆರಂಭಿಸಿರುತ್ತವೆ. ಅವನ್ನು ತಡೆಹಿಡಿಯಲು ಶೈತ್ಯವೇ ಸುಲಭೋಪಾಯ. ಆದರೆ ರೆಫ್ರಿಜರೇಟರಿನ ತಣ್ಣನೆಯ ಗಾಳಿ ಮೀನಿನ ಉಷ್ಣವನ್ನು ಬಹು ನಿಧಾನವಾಗಿ ಹೀರುತ್ತದೆ. ಕರಗುತ್ತಿರುವ ಮಂಜುಗಡ್ಡೆ ಹಾಗಲ್ಲ. ಅದರ ಒಂದು ಗ್ರಾಂ ಕರಗುವಾಗ ಸುಮಾರು 80 ಕ್ಯಾಲೊರಿ ಉಷ್ಣವನ್ನು ಸೆಳೆದುಕೊಂಡರೂ ಉಷ್ಣತೆಯು 0 ಡಿಗ್ರಿಯಿಂದ ಮೇಲೇರದು. ಇದನ್ನೇ ಗುಪ್ತೋಷ್ಣವೆನ್ನುತ್ತೇವೆ. 30 ಡಿಗ್ರಿ ಸೆಂಟಿಗ್ರೇಡಿನಲ್ಲಿರುವ ಒಂದು ಕಿಲೋಗ್ರಾಂ ಮೀನನ್ನು 0 ಡಿಗ್ರಿಗೆ ಇಳಿಸಲು, ನಾವು ಲೆಕ್ಕ ಹಾಕಿದರೆ, ಅದರ ತೂಕದ ಮೂರನೆಯ ಒಂದು ಪಾಲು ಮಂಜುಗಡ್ಡೆ ಸಾಕು. ಆದರೆ ಕರಾವಳಿಯ ಸೆಕೆಯೂ ತನ್ನ ಪಾಲನ್ನು ಕೇಳುವುದರಿಂದ ಸಮತೂಕ ಹಾಕುವುದೇ ಲೇಸು.

ಮೀನಿನ ಕರುಳನ್ನು ತೆಗೆದು, ತೊಳೆದು, ಪುಡಿಮಾಡಿದ ಮಂಜುಗಡ್ಡೆಯ ನಡುವೆ ಹುದುಗಿಸಿ, ಕರಗಿದ ನೀರನ್ನು ಬಸಿಯಬೇಕು. ರೆಫ್ರಿಜರೇಟರಿನಲ್ಲಾದರೆ 4 ಡಿಗ್ರಿಗಿಂತ ಕೆಳಗಿಟ್ಟು, ಒಂದೆರಡು ದಿನಗಳೊಳಗೆ ಬೇಯಿಸುವುದು ಕ್ಷೇಮ.

ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ, ಕಿವಿರು ಕೆಂಪಾಗಿರುತ್ತದೆ, ಬೆರಳೊತ್ತಿದ ಗುಳಿ ಒಡನೆಯೇ ಮಾಯವಾಗುತ್ತದೆ. ಕಣ್ಣು ಗುಳಿಬಿದ್ದು, ಕಿವಿರು ಕಂದಿ, ಮೈ ಲೋಳೆಯಾಗಿದ್ದರೆ ಅದು ಕೆಟ್ಟಿದೆ. ಸಮುದ್ರದ ಮೀನು ಕೆಡುವಾಗ ನಾರುವುದಕ್ಕೆ ಟ್ರೈಮಿಥೈಲಮೀನ್ ಎಂಬ ವಸ್ತುವು ಮುಖ್ಯ ಕಾರಣ.

ಬಂಗುಡೆ, ಬೂತಾಯಿಗಳ ವಿಷಯದಲ್ಲಿ ಮಾತ್ರ ಮೂಗನ್ನೇ ನಂಬುವಂತಿಲ್ಲ. ಇವುಗಳ ಮಾಂಸದಲ್ಲಿ ಹಿಸ್ಟಿಡೀನ್ ಹೇರಳವಾಗಿದೆ. ಮೀನು ಬೆಚ್ಚಗಿದ್ದರೆ ಕೆಲವು ಬ್ಯಾಕ್ಟೀರಿಯಗಳು ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ; ವಾಸನೆ ಕೆಡುವ ಮೊದಲೇ ಇದು ನಡೆದುಹೋಗಬಹುದು. ಕುದಿಸುವುದರಿಂದ ಬ್ಯಾಕ್ಟೀರಿಯಗಳು ಸಾಯುತ್ತವೆಯೇ ಹೊರತು ಹಿಸ್ಟಮೀನ್ ನಾಶವಾಗದು; ಹೆಪ್ಪುಗಟ್ಟಿಸಿದರೂ ಅಷ್ಟೆ. ಅಂತಹ ಮೀನನ್ನು ಉಂಡವರಿಗೆ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಗಳೊಳಗೆ ಮುಖ ಕೆಂಪೇರಿ, ತಲೆನೋವು, ತುರಿಕೆಗಳು ಕಾಣಿಸಿಕೊಳ್ಳುತ್ತವೆ. ಉಸಿರಾಟಕ್ಕೆ ತೊಂದರೆಯಾದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.